ಮೊದಲು ಅಣಬೆ, ಆಮೇಲೆ ಕರಡಿ

ಪ್ರೀತಿಯ ಅಳಿಯನಿಗೆ,

ನೀನು ಚೈನ್‌ಸಾ ಕೊಂಡು ಕರಡಿ ಕೆತ್ತಲು ಹೊರಟಿದ್ದೀಯೆಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಅರ್ಧ ನಗು, ಅರ್ಧ ದಿಗಿಲು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡಿನ ಪಕ್ಕ ಮನೆ ಮಾಡಿದವನಿಗೆ ಈ ಹುಚ್ಚು ಹಿಡಿಯದಿದ್ದರೇ ಆಶ್ಚರ್ಯ ಬಿಡು. ಸಮುದ್ರದ ಕಡೆ ಕಾರು ತಿರುಗಿಸಿದರೆ ದಾರಿಬದಿಯ ಅಂಗಡಿಗಳ ಮುಂದೆ ಕರಡಿ, ಹದ್ದು, ಗೂಬೆ ನಿಂತಿರುತ್ತವೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಶನಿವಾರ ಕೈಗೊಂದು ಮರ ಬೇಕು ಅನ್ನುವ ಕನ್ನಡದ ಹುಡುಗ ಹುಡುಗಿಯರು ಅಮೆರಿಕದಲ್ಲಿ ಇನ್ನೂ ಇರಬಹುದು. ಅವರೂ ಓದಲಿ ಎಂದು ಈ ಕಾಗದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ಮಾತು ನಿನಗೆ ಸಪ್ಪೆ ಅನ್ನಿಸಬಹುದು. ಕೆತ್ತುವುದನ್ನು ಮುಂದಕ್ಕೆ ಹಾಕು, ಮೊದಲು ಕೊಯ್ಯುವುದನ್ನು ಕಲಿ. ಒಂದು ಚಳಿಗಾಲ ಪೂರ್ತಿ ಬರೀ ಸೌದೆ ಕೊಯ್. ಗೀಟು ಹಾಕಿಕೊಂಡು ಗೀಟಿನ ಮೇಲೇ ಕೊಯ್. ಮೂರು ಅಂಗುಲ ಆಳ ಅಂದರೆ ಮೂರೇ ಅಂಗುಲಕ್ಕೆ ನಿಲ್ಲಿಸುವುದು ಕೈಗೆ ಬರಲಿ.

ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ನೋಡಿ ಬೆಳೆದವರು ನಾವು. ಅಲ್ಲಿ ಉಳಿ ಒಂದು ಪೆಟ್ಟಿಗೆ ತೆಗೆಯುವುದು ಚೂರೇ ಚೂರು. ತಪ್ಪುತ್ತಿದೆ ಎಂದು ಕಂಡರೆ ಕೈ ತಡೆಯಲು ಹೊತ್ತಿರುತ್ತದೆ. ಇಲ್ಲಿ ಚೈನು ಪೂರ್ತಿ ವೇಗದಲ್ಲಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ತಪ್ಪೆಂದು ಹೊಳೆಯುವಷ್ಟರಲ್ಲಿ ಕರಡಿಯ ಮೂಗು ಇರಬೇಕಾದ ಜಾಗ ಹೊಟ್ಟಾಗಿ ಕಾಲಬುಡದಲ್ಲಿ ಬಿದ್ದಿರುತ್ತದೆ. ಎಲ್ಲಿ, ಎಷ್ಟು ಎಂಬ ಯೋಚನೆಯೆಲ್ಲ ಎಂಜಿನ್ ಶುರು ಮಾಡುವ ಮೊದಲೇ ಮುಗಿದಿರಬೇಕು.

ಚೈನು ಸುತ್ತುವ ಉದ್ದನೆಯ ಪಟ್ಟಿಗೆ ಬಾರ್ ಎನ್ನುತ್ತಾರೆ. ಅದರ ತುದಿಯ ವಿಷಯ ಗಮನವಿಟ್ಟು ಓದು. ಆ ದುಂಡು ತುದಿಯ ಮೇಲಿನ ಅರ್ಧ ಮರಕ್ಕೆ ತಾಗಿ ಹಲ್ಲು ಸಿಕ್ಕಿಕೊಂಡರೆ, ಇಡೀ ಗರಗಸ ಮೇಲಕ್ಕೆ ಹಾರಿ ನಿನ್ನ ಮುಖದ ಕಡೆ ಬರುತ್ತದೆ. ಇದೇ ಕಿಕ್‌ಬ್ಯಾಕ್. ಯೋಚಿಸಿ ತಪ್ಪಿಸಿಕೊಳ್ಳುವಷ್ಟು ಸಮಯ ಅದು ಕೊಡುವುದಿಲ್ಲ. ಹಾಗಾಗಿ ಎಡಗೈ ಹೆಬ್ಬೆರಳು ಸದಾ ಮುಂದಿನ ಹಿಡಿಯನ್ನು ಸುತ್ತಿರಲಿ, ತಲೆ ಬಾರಿನ ನೇರಕ್ಕೆ ಬೇಡ, ಗರಗಸ ಭುಜದ ಮೇಲೆ ಏಳಲೇ ಬಾರದು. ತಮಾಷೆಯೆಂದರೆ ಕೆತ್ತನೆಗೆ ಬೇಕಾದ್ದು ಅದೇ ತುದಿ! ಅದಕ್ಕಾಗಿಯೇ ಕೆತ್ತನೆಯ ಬಾರ್ ಬೇರೆ ಇದೆ. ಒಂದರ ತುದಿ ಡೈಮ್ ನಾಣ್ಯದಷ್ಟು, ಅಂದರೆ ಸುಮಾರು 18 ಮಿಲಿಮೀಟರ್ ಅಗಲ. ಇನ್ನೊಂದರದು ಕ್ವಾರ್ಟರ್ ನಾಣ್ಯದಷ್ಟು, 24 ಮಿಲಿಮೀಟರ್. ತುದಿ ಇಷ್ಟು ಸಣ್ಣದಾದರೆ ಗರಗಸವನ್ನು ಎತ್ತಿ ಎಸೆಯುವ ಬಲ ತೀರಾ ಕಡಿಮೆ. ಸೌದೆ ಕೊಯ್ಯುವ ಬಾರಿನ ತುದಿಯಲ್ಲಿ ಕಣ್ಣು, ಕಿವಿ ತಿದ್ದಲು ಹೋಗಲೇ ಬೇಡ. ಕೆತ್ತನೆಯ ಬಾರ್ ಕೊಳ್ಳುವಾಗ ಅದಕ್ಕೆ ಹೊಂದುವ ಕಾಲಂಗುಲ ಪಿಚ್ಚಿನ (ಕೊಂಡಿಗಳ ಅಂತರದ) ಚೈನು, ಅದನ್ನು ಓಡಿಸುವ ಸ್ಪ್ರಾಕೆಟ್ ಎಂಬ ಹಲ್ಲುಗಾಲಿ ಎರಡನ್ನೂ ಜೊತೆಗೇ ಬದಲಾಯಿಸಬೇಕು. ಅಂಗಡಿಯವನು ಇದನ್ನು ಹೇಳಲು ಮರೆತರೂ ನೀನು ಮರೆಯಬೇಡ.

ಜಾಲರಿ ಇರುವ ಹೆಲ್ಮೆಟ್, ಕಿವಿಮುಚ್ಚಳ, ಗಟ್ಟಿ ಬೂಟು, ಇದರಲ್ಲಿ ಚೌಕಾಸಿ ಬೇಡ. ಚಾಪ್ಸ್ ಎಂಬ ತೊಡೆಗವಚದೊಳಗೆ ಉದ್ದನೆಯ ನಾರಿನ ಪದರಗಳಿವೆ. ಹಲ್ಲು ತಾಗಿದರೆ ನಾರು ಹೊರಬಂದು ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತದೆ. ಪೆಟ್ರೋಲ್ ಗರಗಸವನ್ನು ನಿಲ್ಲಿಸಿದಷ್ಟು ಖಾತ್ರಿಯಾಗಿ ಇದು ಬ್ಯಾಟರಿ ಗರಗಸವನ್ನು ನಿಲ್ಲಿಸುವುದಿಲ್ಲ, ಚೀಟಿ ಓದಿ ಕೊಂಡುಕೋ. ಹಾಗೆಂದು ಬ್ಯಾಟರಿಯದು ಬೇಡ ಎನ್ನುತ್ತಿಲ್ಲ. ಅಕ್ಕಪಕ್ಕದ ಮನೆಯವರ ದೃಷ್ಟಿಯಿಂದ ನಿನಗೆ ಅದೇ ಸರಿ.

ಈಗ ಹಲ್ಲಿನ ವಿಷಯ. ನಿನ್ನ ಊರಿಗೂ ಇದಕ್ಕೂ ನಂಟಿದೆ. 1946ರಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವನೊಬ್ಬ ಓರೆಗಾನ್ ಕಾಡಿನ ಒಂದು ಮೋಟಿನಲ್ಲಿ ದುಂಬಿಯ ಹುಳ ಮರ ತಿನ್ನುವುದನ್ನು ಕೂತು ನೋಡಿದ. ಆ ಹುಳ ತನ್ನ ಎರಡು ಬಾಗಿದ ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊರೆಯುತ್ತ, ಮರದ ಎಳೆ ಉದ್ದವೋ ಅಡ್ಡವೋ ಎಂದು ನೋಡದೆ ಸಾಗುತ್ತಿತ್ತು. ಆಗಿನ ಚೈನುಗಳಿಗೆ ಮಾಮೂಲಿ ಗರಗಸದಂಥ ಹಲ್ಲು, ಅರ ಹಾಕಿ ಹಾಕಿಯೇ ಕೆಲಸದವರು ಸುಸ್ತು. ಕಾಕ್ಸ್ ಆ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಮಾರಲು ಶುರು ಮಾಡಿದ. ಇಂದು ನೀನು ಕೊಳ್ಳುವ ಚೈನಿನಲ್ಲೂ ಇರುವುದು ಅದೇ ಹುಳದ ದವಡೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಅವೆರಡೂ ಸಮನಾಗಿ ಹರಿತವಿಲ್ಲದಿದ್ದರೆ ಗರಗಸ ಒಂದು ಪಕ್ಕಕ್ಕೆ ವಾಲುತ್ತ ಹೋಗುತ್ತದೆ. ಆಗ ಹೊಸಬರು ಕೈಯನ್ನು ಬೈದುಕೊಳ್ಳುತ್ತಾರೆ!

ಚೈನಿನಿಂದ ಬೀಳುವುದನ್ನು ನೋಡುತ್ತಿರು. ಚಕ್ಕೆ ಬಿದ್ದರೆ ಸರಿ. ಹಿಟ್ಟಿನಂಥ ಪುಡಿ ಬಿದ್ದರೆ ಹಲ್ಲು ಮೊಂಡಾಗಿದೆ, ಅಲ್ಲೇ ನಿಲ್ಲಿಸು. ಮೊಂಡು ಚೈನನ್ನು ಒತ್ತಿ ಒತ್ತಿ ಕೊಯ್ಯುವವನಿಗೇ ಹೆಚ್ಚು ಪೆಟ್ಟಾಗುವುದು. ಕಾಲಂಗುಲ ಪಿಚ್ಚಿಗೆ 4 ಮಿಲಿಮೀಟರಿನ ದುಂಡನೆಯ ಅರ ನಡೆಯುತ್ತದೆ. ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿಗೆ ತಳ್ಳು, ಎಲ್ಲ ಹಲ್ಲಿಗೂ ಅಷ್ಟಷ್ಟೇ ಸಲ. ಪ್ರತಿ ಬಾರಿ ಬ್ಯಾಟರಿ ಬದಲಿಸುವಾಗ, ಪೆಟ್ರೋಲಿನದಾದರೆ ಪೆಟ್ರೋಲ್ ತುಂಬಿಸುವಾಗ, ಅರವನ್ನೂ ಕೈಗೆತ್ತಿಕೋ.

ಆ ಕಡೆ ಕೆತ್ತುವವರು ಹೆಚ್ಚಾಗಿ ಹಿಡಿಯುವುದು ಪಶ್ಚಿಮದ ಕೆಂಪು ಸೀಡರ್. ಮೆದು, ಹಗುರ, ಬಯಲಲ್ಲಿಟ್ಟರೂ ಬೇಗ ಕೊಳೆಯದು. ಆದರೆ ಅದರ ಪುಡಿ ಕೆಲವರಿಗೆ ಉಬ್ಬಸ ತರಿಸುತ್ತದೆ. ಚಿಕ್ಕಂದಿನಲ್ಲಿ ನಿನಗೆ ವೀಸಿಂಗ್ ಇತ್ತಲ್ಲ, ಮಾಸ್ಕ್ ಇಲ್ಲದೆ ಅದರ ಹತ್ತಿರ ಹೋಗಬೇಡ. ಯಾರದೋ ಹಿತ್ತಲಲ್ಲಿ ಕಡಿದ ಮರ ಪುಕ್ಕಟೆ ಸಿಕ್ಕಿತೆಂದು ತರುವುದಾದರೆ, ಒಳಗೆ ಮೊಳೆಯೋ ಬೇಲಿಯ ತಂತಿಯೋ ಹೂತಿದೆಯೇ ಎಂದು ನೋಡಿಕೋ.

ಹಸಿ ದಿಮ್ಮಿಯಲ್ಲಿ ಕೊಯ್ಯುವುದು ಸಲೀಸು, ಆದರೆ ಒಣಗುತ್ತ ಅದು ಸೀಳುತ್ತದೆ. ಮರ ತಿರುಳಿನ ಕಡೆಗೆ ಕುಗ್ಗುವುದಕ್ಕಿಂತ ಸುತ್ತಳತೆಯಲ್ಲಿ ಕುಗ್ಗುವುದು ಹೆಚ್ಚುಕಡಿಮೆ ಎರಡರಷ್ಟು. ಒಳಗೆ ತಿರುಳು ಉಳಿದಿದ್ದರೆ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಬೊಂಬೆಯ ಬೆನ್ನ ಕಡೆ ತಿರುಳಿನವರೆಗೂ ಉದ್ದಕ್ಕೆ ಒಂದು ಸೀಳು ಕೊಟ್ಟುಬಿಡು. ಬಿರುಕು ಹೆಚ್ಚಾಗಿ ಅಲ್ಲೇ ಅಗಲವಾಗುತ್ತದೆ, ಮುಖ ಉಳಿಯುತ್ತದೆ.

ಮೊದಲ ಕೆಲಸ ಅಣಬೆಯೇ ಆಗಲಿ. ನಗಬೇಡ ಮಾರಾಯ. ಒಂದೂವರೆ ಅಡಿ ದಿಮ್ಮಿಯನ್ನು ದಪ್ಪ ಮೋಟಿನ ಮೇಲೆ ನಿಲ್ಲಿಸಿ, ಅಡಿಯಿಂದ ಸ್ಕ್ರೂ ಹಾಕಿ ಅಲುಗದಂತೆ ಬಿಗಿ. ಕೊಡೆಯ ಅಂಚು ಬರಬೇಕಾದಲ್ಲಿ ಸುತ್ತಲೂ ಅಡ್ಡಕ್ಕೆ ಕೊಯ್ದುಕೋ, ಎಲ್ಲ ಕಡೆಯೂ ಒಂದೇ ಆಳ. ಆಮೇಲೆ ಕೆಳಗಿನ ಮರವನ್ನು ಉದ್ದಕ್ಕೆ ಹೋಳು ಹೋಳಾಗಿ ಇಳಿಸಿದರೆ ಅವು ಆ ಅಡ್ಡ ಕೊಯ್ತಕ್ಕೆ ಬಂದು ಕಳಚಿಕೊಳ್ಳುತ್ತವೆ, ಕಾಂಡ ಉಳಿಯುತ್ತದೆ. ಮೇಲಿನ ಮೂಲೆಗಳನ್ನು ಸವರಿದರೆ ಕೊಡೆ. ತಡೆಯುವ ಕೊಯ್ತ, ಇಳಿಸುವ ಕೊಯ್ತ, ದುಂಡು ಮಾಡುವುದು, ಕರಡಿಗೂ ಬೇಕಾದ್ದು ಇವೇ ಮೂರು. ಕರಡಿಯಲ್ಲಿ ಹೆಚ್ಚಿಗೆ ಬರುವ ಕಷ್ಟ ಮೂಗಿನದು. ಅದು ಎಲ್ಲಕ್ಕಿಂತ ಮುಂದಿರುವುದರಿಂದ ಅದರ ಮರವನ್ನು ಮೊದಲೇ ಗುರುತು ಮಾಡಿ ಬಿಟ್ಟಿರಬೇಕು. ಕಣ್ಣು ಕಟ್ಟಕಡೆಗೆ.

ಕೆತ್ತಿದ್ದಕ್ಕೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಗ್ಯಾರೇಜಿನ ಮೂಲೆಗೆ ಎಸೆಯಬೇಡ, ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರಡು.

ಜೂನ್‌ನಲ್ಲಿ ಓರೆಗಾನ್ ಕರಾವಳಿಯ ರೀಡ್ಸ್‌ಪೋರ್ಟ್‌ನಲ್ಲಿ ಚೈನ್‌ಸಾ ಕೆತ್ತನೆಯ ಪಂದ್ಯ ನಡೆಯುತ್ತದೆ, ನಾನೂ ಬರುತ್ತೇನೆ. ಜನ ಸೇರುವುದು ಮುಗಿದ ಹದ್ದಿನ ಮುಂದೆ. ನಾವು ಬೆಳಿಗ್ಗೆ ಬೇಗ ಹೋಗಿ, ದಿಮ್ಮಿ ಇನ್ನೂ ದಿಮ್ಮಿಯಾಗಿರುವಾಗ ಅವರ ಮೊದಲ ಕೊಯ್ತ ಎಲ್ಲಿ ಬೀಳುತ್ತದೆ, ಅರ ಹಾಕಲು ಎಷ್ಟು ಸಲ ನಿಲ್ಲುತ್ತಾರೆ ಎಂದು ನೋಡೋಣ. ಕಾರಿನಲ್ಲಿ ನಿನ್ನ ಅಣಬೆಗೂ ಜಾಗ ಇರಲಿ. ಅಲ್ಲಿ ಯಾರಿಗಾದರೂ ತೋರಿಸಿ ಕೇಳೋಣ.

ಇತಿ,
ನಿನ್ನ ಮಾವ