ಜಾರುಬಿಲ್ಲೆಯ ವ್ಯಾಯಾಮ: ಮೊದಲು ನೆಲ ನೋಡಿ

ಮನೆಯಲ್ಲೇ ಒಂದು ಮೂಲೆಯನ್ನು ವ್ಯಾಯಾಮಕ್ಕೆಂದು ಬಿಟ್ಟುಕೊಳ್ಳುವ ರೂಢಿ ಈಗ ಅನೇಕ ಕುಟುಂಬಗಳಲ್ಲಿದೆ. ಡಂಬೆಲ್ಸ್, ಸ್ಕಿಪ್ಪಿಂಗ್ ಹಗ್ಗಗಳ ಜತೆಗೆ ‘ಸ್ಲೈಡಿಂಗ್ ಡಿಸ್ಕ್’ ಎಂಬ ಜೋಡಿ ಬಿಲ್ಲೆಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಪಾದ ಅಥವಾ ಅಂಗೈಯನ್ನು ಬಿಲ್ಲೆಯ ಮೇಲಿಟ್ಟು ನೆಲದ ಮೇಲೆ ಜಾರಿಸುವುದೇ ಈ ವ್ಯಾಯಾಮ. ನೋಡಲು ಮಕ್ಕಳಾಟದಂತಿದ್ದರೂ ಇದು ಸ್ನಾಯುಗಳಿಗೆ ಕಠಿಣ ಕೆಲಸ. ನೆಲ ಯಾವುದೆಂದು ನೋಡದೆ ಆರಂಭಿಸಿದರೆ ತೊಡೆಸಂದಿನ ಸ್ನಾಯು ಎಳೆದುಕೊಳ್ಳಬಹುದು, ಸೊಂಟ ಹಿಡಿಯಬಹುದು.

ಏನು ಪ್ರಯೋಜನ?

ನಡೆಯುವಾಗ ಪಾದ ನೆಲ ಬಿಟ್ಟು ಮೇಲೇಳುತ್ತದೆ. ಜಾರಿಸುವಾಗ ಪಾದ ನೆಲದ ಮೇಲಿದ್ದೇ ದೂರ ಸರಿಯುತ್ತದೆ. ಅದು ಹಿಡಿತ ತಪ್ಪಿ ಹೋಗದಂತೆ ಸ್ನಾಯುಗಳು ಉದ್ದವಾಗುತ್ತಲೇ ಬಿಗಿಹಿಡಿಯಬೇಕು. ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಮಾಡುವುದೂ ಇದೇ ಕೆಲಸವನ್ನು. ಜತೆಗೆ ಮುಂಡ ಅಲುಗದಂತೆ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳೂ ದುಡಿಯುತ್ತವೆ. ನೆಗೆತವಿಲ್ಲದ ಕಾರಣ ಮಂಡಿ, ಹಿಮ್ಮಡಿಗಳಿಗೆ ಪೆಟ್ಟು ಕಡಿಮೆ.

ಸ್ನಾಯು ಉದ್ದವಾಗುತ್ತ ದುಡಿದರೆ ನೋವು ತಡವಾಗಿ ಕಾಣಿಸಿಕೊಳ್ಳುತ್ತದೆ. ಮೊದಲ ದಿನ ‘ಏನೂ ಆಗಲಿಲ್ಲ’ ಎಂದು ದುಪ್ಪಟ್ಟು ಮಾಡಿದವರಿಗೆ ಮರುದಿನ ಕುಳಿತು ಏಳುವುದೇ ಕಷ್ಟವಾದೀತು. ಈ ನೋವು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳೊಳಗೆ ಹೆಚ್ಚಾಗಿ ತಾನೇ ಇಳಿಯುತ್ತದೆ. ಆದ್ದರಿಂದ ಆರಂಭ ಅಲ್ಪವಾಗಿರಲಿ.

ಯಾವ ನೆಲಕ್ಕೆ ಯಾವ ಮಗ್ಗುಲು?

ಕೇರಂ ಬೋರ್ಡಿನ ಮೇಲೆ ಪೌಡರ್ ಇದ್ದರೆ ಪಾನು ಹಾರಿಹೋಗುತ್ತದೆ, ಇಲ್ಲದಿದ್ದರೆ ಅರ್ಧದಲ್ಲೇ ನಿಲ್ಲುತ್ತದೆ. ಕಾರಣ ಘರ್ಷಣೆ. ಜಾರುಬಿಲ್ಲೆಗೂ ಇದೇ ನಿಯಮ. ಇವುಗಳಲ್ಲಿ ಹೆಚ್ಚಿನವಕ್ಕೆ ಎರಡು ಮಗ್ಗುಲು: ಒಂದು ನಯವಾದ ಪ್ಲಾಸ್ಟಿಕ್, ಇನ್ನೊಂದು ಬಟ್ಟೆ ಅಥವಾ ಮೆತ್ತನೆಯ ಫೋಮ್.

* ಮೊಸಾಯಿಕ್, ಗ್ರಾನೈಟ್, ಟೈಲ್ಸ್, ರೆಡ್ ಆಕ್ಸೈಡ್ ನೆಲ: ಬಟ್ಟೆಯ ಮಗ್ಗುಲು ಕೆಳಗಿರಲಿ. ಪ್ಲಾಸ್ಟಿಕ್ ಮಗ್ಗುಲಿಗೆ ಮರಳಿನ ಕಣ ಸಿಕ್ಕರೆ ನೆಲಕ್ಕೆ ಗೀರು ಬೀಳುತ್ತದೆ. ಇಂಥ ನೆಲದಲ್ಲಿ ಬಿಲ್ಲೆಯೇ ಬೇಕೆಂದಿಲ್ಲ; ಮಡಿಸಿದ ಹಳೆಯ ಹತ್ತಿಯ ಟವೆಲ್ ಸಾಕು.

* ಕಾರ್ಪೆಟ್: ಪ್ಲಾಸ್ಟಿಕ್ ಮಗ್ಗುಲು ಕೆಳಗಿರಲಿ. ನೆಲಕ್ಕೆ ಅಂಟದ ಜಮಖಾನೆಯ ಮೇಲೆ ಬೇಡ. ಬಿಲ್ಲೆಯ ಜತೆ ಜಮಖಾನೆಯೂ ಸರಿಯುತ್ತದೆ.

* ಜಿಮ್ಮಿನ ರಬ್ಬರ್ ಹಾಸು: ಬಟ್ಟೆಯ ಮಗ್ಗುಲು ಇದರ ಮೇಲೆ ಜಾರುವುದೇ ಕಷ್ಟ. ರಬ್ಬರ್ ಇರುವುದೇ ಜಾರದಿರಲೆಂದು. ಪ್ಲಾಸ್ಟಿಕ್ ಮಗ್ಗುಲು ಸ್ವಲ್ಪ ಸರಿದರೂ ತಡೆತಡೆದು ಹೋಗುತ್ತದೆ. ಹೀಗೆ ತಡೆದು ಫಕ್ಕನೆ ಜಾರುವುದೇ ಸ್ನಾಯು ಎಳೆತಕ್ಕೆ ದಾರಿ.

* ಒಂದಕ್ಕೊಂದು ಸಿಕ್ಕಿಸುವ ಫೋಮ್ ಚೌಕಗಳು: ಭಾರಕ್ಕೆ ಕುಸಿಯುತ್ತವೆ, ಬಿಲ್ಲೆಯ ಅಂಚು ಸಂದುಗಳಿಗೆ ಸಿಕ್ಕಿಕೊಳ್ಳುತ್ತದೆ. ಹಾಸನ್ನು ಬಿಟ್ಟು ಬರಿ ನೆಲಕ್ಕೆ ಬನ್ನಿ. ಮಂಡಿ ಊರುವಲ್ಲಿ ಮಾತ್ರ ಮೆತ್ತನೆಯ ಹಾಸು ಇರಲಿ.

ನೆಲವನ್ನು ಗುಡಿಸಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಆರಂಭಿಸಿ. ಜಾರಲೆಂದು ಪೌಡರ್ ಅಥವಾ ಎಣ್ಣೆ ಹಾಕುವುದು ಅಪಾಯ. ಮೊದಲು ಕುಳಿತುಕೊಂಡು ಕೈಯಿಂದ ಬಿಲ್ಲೆಯನ್ನು ಒತ್ತಿ ಸರಿಸಿ ನೋಡಿ. ಒಂದೇ ಸಮನೆ ಸರಿದರೆ ಮಾತ್ರ ಪಾದವಿಡಿ.

ಮೂರು ಸರಳ ವ್ಯಾಯಾಮ

1. ಅಂಗಾತ ಮಲಗಿ ಮಂಡಿ ಮಡಿಸಿ. ಎರಡೂ ಹಿಮ್ಮಡಿಗಳು ಬಿಲ್ಲೆಗಳ ಮೇಲಿರಲಿ. ಒಂದು ಹಿಮ್ಮಡಿಯನ್ನು ನಿಧಾನವಾಗಿ ದೂರ ಸರಿಸಿ, ಮತ್ತೆ ಎಳೆದುಕೊಳ್ಳಿ. ಬಳಿಕ ಇನ್ನೊಂದು. ಇದರಲ್ಲಿ ಬೀಳುವ ಭಯವಿಲ್ಲ. ಹೊಸಬರು ಇಲ್ಲಿಂದಲೇ ತೊಡಗಬೇಕು.

2. ಕಿಟಕಿಯ ಸರಳು ಹಿಡಿದು ನಿಲ್ಲಿ. ಕುರ್ಚಿ ಬೇಡ, ಅದೂ ಸರಿಯುತ್ತದೆ. ಒಂದು ಪಾದ ನೆಲದ ಮೇಲೆ, ಇನ್ನೊಂದು ಬಿಲ್ಲೆಯ ಮೇಲಿರಲಿ. ಬಿಲ್ಲೆಯನ್ನು ಹಿಂದಕ್ಕೆ ಒಂದು ಗೇಣು ಸರಿಸುತ್ತ ಮುಂದಿನ ಮಂಡಿಯನ್ನು ತುಸು ಮಡಿಸಿ, ಮರಳಿ ಬನ್ನಿ. ದೇಹದ ಭಾರ ಮುಂದಿನ ಕಾಲಿನ ಮೇಲಿರಲಿ.

3. ಮಂಡಿಯೂರಿ ಅಂಗೈಗಳನ್ನು ಬಿಲ್ಲೆಗಳ ಮೇಲಿಡಿ. ಒಂದು ಕೈಯನ್ನು ಮುಂದಕ್ಕೆ ಸರಿಸಿ ಹಿಂದಕ್ಕೆ ತನ್ನಿ. ಸೊಂಟ ಕೆಳಗೆ ಬಾಗಲು ತೊಡಗಿದರೆ ಅಲ್ಲಿಗೆ ನಿಲ್ಲಿಸಿ.

ಪ್ರತಿಯೊಂದನ್ನೂ ಪ್ರತಿ ಬದಿಗೆ 6ರಿಂದ 8 ಸಲ ಮಾಡಿದರೆ ಮೊದಲ ವಾರಕ್ಕೆ ಸಾಕು. ಉಸಿರು ಕಟ್ಟಬೇಡಿ, ಹಾಗೆ ಮಾಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಮಾಡಿ. ವಾರದಲ್ಲಿ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸಲಹೆ ನೀಡಿದೆ. ಜಾರುಬಿಲ್ಲೆ ಎರಡನೆಯದಕ್ಕೆ ನೆರವಾಗುತ್ತದೆ, ನಡಿಗೆಗೆ ಬದಲಿಯಲ್ಲ.

ಯಾರಿಗೆ ಬೇಡ?

ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಬೆನ್ನಿನ ಡಿಸ್ಕ್ ತೊಂದರೆಯವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಮೂಳೆ ಸವೆತವಿರುವವರು ಹಾಗೂ ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಪಾದ ಎಲ್ಲಿ ಜಾರುತ್ತಿದೆ ಎಂಬುದೇ ತಿಳಿಯದು. ಅವರು ನಿಂತು ಮಾಡುವ ವ್ಯಾಯಾಮವನ್ನು ಬಿಡುವುದೇ ಲೇಸು. ಚುಚ್ಚಿದಂಥ ನೋವು, ಎದೆನೋವು, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ.

ಕೊನೆಯದಾಗಿ, ವ್ಯಾಯಾಮ ಮುಗಿದೊಡನೆ ಬಿಲ್ಲೆಗಳನ್ನು ಎತ್ತಿ ಕಪಾಟಿನಲ್ಲಿಡಿ. ರಾತ್ರಿ ನೀರು ಕುಡಿಯಲೆಂದು ಎದ್ದ ಮನೆಯ ಹಿರಿಯರು ಕತ್ತಲಲ್ಲಿ ಅದರ ಮೇಲೆ ಕಾಲಿಟ್ಟರೆ, ಸೊಂಟದ ಕೀಲಿನ ಮೂಳೆ ಮುರಿಯಲು ಅಷ್ಟು ಸಾಕು. ನಿಮ್ಮ ಕಾಲಿಗೆ ಬಲ ಕೊಡುವ ವಸ್ತು ಅವರನ್ನು ಹಾಸಿಗೆ ಹಿಡಿಸುವಂತಾಗಬಾರದು.