ಬೆರಳು ತಡೆಯುವ ಜಾಗ

ಯಂತ್ರ ಮತ್ತು ಅದನ್ನು ಬಳಸುವ ಮನುಷ್ಯ ಪರಸ್ಪರ ಸಂಧಿಸುವ ಭಾಗವನ್ನು, ಅಂದರೆ ಗುಂಡಿ, ಹಿಡಿಕೆ, ಪರದೆ, ದೀಪ, ಸದ್ದು ಇವೆಲ್ಲವನ್ನೂ ಸೇರಿಸಿ, ಇಂಟರ್‌ಫೇಸ್ ಎನ್ನುತ್ತಾರೆ. ವಾಹನ, ರೋಬೋಟ್ ಮತ್ತು ವೈದ್ಯಕೀಯ ಉಪಕರಣಗಳಿಗೆ ಇದನ್ನು ರೂಪಿಸುವವರು ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ, ಹಲವು ತಪ್ಪುಗಳನ್ನು ತಿದ್ದಿಕೊಂಡು ಮನಗಾಣುವ ಸಂಗತಿಯೆಂದರೆ, ಬಳಸುವವರ ಮೈಗೆ ಆಗಲೇ ಗೊತ್ತಿರುವುದು ಯಾವುದು ಎಂಬ ಹುಡುಕಾಟದಿಂದ ವಿನ್ಯಾಸ ತೊಡಗಬೇಕು ಎಂಬುದು.

ಬಂಟ್ವಾಳ ತಾಲ್ಲೂಕಿನಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಅಡಿಕೆ ಮರ ಹತ್ತುವ ನುರಿತ ಆಳುಗಳು ಸಿಗದ ಸಂಕಟದಿಂದ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ, 2019ರಲ್ಲಿ ವಿಡಿಯೊ ಮೂಲಕ ದೇಶದ ಗಮನ ಸೆಳೆದ ಮರ ಹತ್ತುವ ಬೈಕಿನಲ್ಲಿ ಸಣ್ಣ ಪೆಟ್ರೋಲ್ ಎಂಜಿನ್, ಕಾಂಡವನ್ನು ಹಿಡಿಯುವ ಗಾಲಿಗಳು, ಒಂದು ಆಸನ ಮತ್ತು ಬೆಲ್ಟ್ ಇವೆ. ಕುಳಿತವರು ಸುಮಾರು ಅರ್ಧ ನಿಮಿಷದಲ್ಲಿ ಮರದ ತುದಿ ತಲಪುತ್ತಾರೆ. ಅದರ ನಿಜವಾದ ಜಾಣ್ಮೆ ಎಂಜಿನ್ನಿಗಿಂತ ಹೆಚ್ಚಾಗಿ ಹಿಡಿಕೆಯಲ್ಲಿದೆ ಎಂದರೆ ತಪ್ಪಾಗದು. ಬೈಕು ಓಡಿಸಿದ ಕೈಗೆ ವೇಗ ಹೆಚ್ಚಿಸುವುದನ್ನೂ ಬ್ರೇಕ್ ಹಿಡಿಯುವುದನ್ನೂ ಹೊಸದಾಗಿ ಕಲಿಸಬೇಕಾಗಿಲ್ಲ. ನೆಲದಿಂದ ಅಷ್ಟು ಮೇಲೆ, ಕಣ್ಣು ಗೊನೆಯ ಮೇಲಿರುವಾಗ, ನೋಡದೆಯೇ ಬೆರಳಿಗೆ ಸಿಗುವ ನಿಯಂತ್ರಣವಷ್ಟೇ ಪ್ರಯೋಜನಕ್ಕೆ ಬರುತ್ತದೆ.

ಇದೇ ಜಾಗದಲ್ಲಿ ಹೊಳೆಯುವ ಸ್ಪರ್ಶಪರದೆಯನ್ನು ಇಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಇಂದಿನ ಬಹುಪಾಲು ಸ್ಪರ್ಶಪರದೆಗಳು ಬೆರಳು ತಾಗಿದಾಗ ಪರದೆಯ ವಿದ್ಯುತ್ ಕ್ಷೇತ್ರದಲ್ಲಾಗುವ ಸಣ್ಣ ಬದಲಾವಣೆಯನ್ನು ಗುರುತಿಸುತ್ತವೆ. ಮಳೆಹನಿಯೂ ಅಂಥದೇ ಬದಲಾವಣೆ ತರುತ್ತದೆ, ಅಡಿಕೆ ಸುಲಿದು ದಡ್ಡುಗಟ್ಟಿದ ಒಣ ಬೆರಳನ್ನು ಮಾತ್ರ ಪರದೆ ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ, ಸಿಂಪಡಿಸುವ ಕೆಲಸಕ್ಕೆ ಡ್ರೋನ್ ತರುವವರು ಹವಾನಿಯಂತ್ರಿತ ಕೋಣೆಯಲ್ಲಿ ಪರೀಕ್ಷಿಸಿದ ಪರದೆಯನ್ನು ತುಳುವರ ಆಟಿ ತಿಂಗಳ ಮಳೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಲೇಬೇಕು.

ಆರೋಗ್ಯ ಕ್ಷೇತ್ರದಲ್ಲಿ ಮೈಯ ನೆನಪು ನೆರವಾಗುವುದು ಕಡಿಮೆ, ಆದ್ದರಿಂದ ಅಲ್ಲಿ ಗುರುತುಗಳ ಮೇಲೆ ಭಾರ ಹೆಚ್ಚು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ತಲಪಿಸಿ, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಜ್ಞರು ಕೂಡಲೇ ನೋಡುವ ವ್ಯವಸ್ಥೆ ಕಟ್ಟಿದ್ದು ಬೆಲೆಕಟ್ಟಲಾಗದ ಕೆಲಸ. ಆದರೆ ಈ ಸರಪಳಿಯ ಮೊದಲ ಕೊಂಡಿ ತಂತಿಯನ್ನು ಸರಿಯಾದ ಕೈಗೆ ಹಚ್ಚುವುದು. ಭಾರತದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಅಮೆರಿಕದ ಪದ್ಧತಿಯಲ್ಲಿ ಕೆಂಪು ಎಡಗಾಲಿನದು, ಕಪ್ಪು ಎಡಗೈಯದು. ಎರಡೂ ಕೈಗಳ ತಂತಿ ಅದಲುಬದಲಾದರೆ ಮೊದಲನೆಯ ಲೀಡಿನ, ಅಂದರೆ ಎರಡು ಕೈಗಳ ನಡುವೆ ಅಳೆಯುವ ದಾಖಲೆಯ, ಅಲೆಗಳು ತಲೆಕೆಳಗಾಗಿ ಮೂಡುತ್ತವೆ, ದೂರದಲ್ಲಿ ಕುಳಿತ ತಜ್ಞರಿಗೆ ಇಲ್ಲದ ತೊಂದರೆಯೊಂದು ಇರುವಂತೆ ಕಾಣಬಹುದು.

ಯಂತ್ರ ತೋರಿಸುವ ಸಂದೇಶಗಳ ಮಾತು ಇನ್ನೂ ಗಂಭೀರ. ಮನೆಯಲ್ಲಿ ಸಕ್ಕರೆ ಅಳೆಯುವ ಅನೇಕ ಗ್ಲೂಕೋಮೀಟರುಗಳು ರಕ್ತದ ಸಕ್ಕರೆ ಡೆಸಿಲೀಟರಿಗೆ 600 ಮಿಲಿಗ್ರಾಂ ದಾಟಿದಾಗ ಅಂಕಿಯ ಬದಲು ‘ಹೈ’ ಎಂಬ ಎರಡೇ ಇಂಗ್ಲಿಷ್ ಅಕ್ಷರಗಳನ್ನು ತೋರಿಸುತ್ತವೆ. ಮನೆಮಾತು ತುಳು, ಓದು ಕನ್ನಡ ಆಗಿರುವ ಹಿರಿಯರಿಗೆ ಅದು ಯಂತ್ರ ಕೆಟ್ಟ ಗುರುತಿನಂತೆಯೇ ಕಂಡೀತು. ಉತ್ತರ ಅಮೆರಿಕದಲ್ಲಿ 1985ರಿಂದ 1987ರ ನಡುವೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹರಿಸಿದ್ದಕ್ಕೆ ಮೂಲ ಕಾರಣ ತಂತ್ರಾಂಶದ ದೋಷಗಳು. ಆದರೆ ‘ದೋಷ 54’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ ಪರದೆಯಿಂದ ಅಪಾಯ ತಿಳಿಯದೆ ನಿರ್ವಾಹಕರು ಮುಂದುವರಿಸುವ ಕೀಲಿಯನ್ನೇ ಒತ್ತಿದ್ದರು.

ಇವೆಲ್ಲವನ್ನೂ ಬಳಸುವವರಿಂದಲೇ ಕೇಳಿ ತಿಳಿಯಬಹುದು ಎಂಬುದು ಹೊಸಬರ ನಂಬಿಕೆ. ಆದರೆ ತುಳು ಮಾತಾಡುವ ಈ ಸೀಮೆಯಲ್ಲಿ ಮನೆಯಂಗಳಕ್ಕೆ ಬಂದವರು ಉಪಕರಣ ತೋರಿಸಿ ಹೇಗಿದೆ ಎಂದು ಕೇಳಿದರೆ, ಬಂದವರಿಗೆ ಬೇಸರವಾಗಬಾರದೆಂಬ ಕಾಳಜಿಯಿಂದ ‘ಎಡ್ಡೆ ಉಂಡು’, ಅಂದರೆ ಚೆನ್ನಾಗಿದೆ, ಎಂಬ ಉತ್ತರವೇ ಮೊದಲು ಬರುತ್ತದೆ. ಅನುಭವಸ್ಥರು ಆದ್ದರಿಂದ ಪ್ರಶ್ನೆ ಕಡಿಮೆ ಮಾಡಿ, ಉಪಕರಣವನ್ನು ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತು, ಬೆರಳು ಯಾವ ಗುಂಡಿಯ ಮೇಲೆ ಬಂದು ಒಂದು ಕ್ಷಣ ತಡೆಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತಾರೆ.