ಓದದೆ ಒತ್ತಿದರೆ ಅದೂ ಹೆಬ್ಬೆಟ್ಟೇ



ಹಿಂದೆ ನಮ್ಮಲ್ಲಿ ಎಷ್ಟೋ ಜನ ಹೆಬ್ಬೆಟ್ಟು ಒತ್ತುತ್ತಿದ್ದೆವು. ಕಾಗದದಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. "ಇಲ್ಲಿ ಒತ್ತಮ್ಮ" ಅಂದರು. ಒತ್ತಿದೆವು. ಪಡೆದ ಸಾಲ ನೂರು, ಬರೆದದ್ದು ಸಾವಿರ. ಹೀಗೆ ಮೋಸ ಹೋದವರು ಎಲ್ಲ ಊರಿನಲ್ಲೂ ಇದ್ದರು.

ಈಗ ನಾವು ಅಕ್ಷರ ಕಲಿತಿದ್ದೇವೆ. ಸಹಿ ಹಾಕುತ್ತೇವೆ. ಆದರೆ ಕೈಗೆ ಫೋನು ಬಂದಿದೆ. ಅದರ ಗಾಜಿನ ಮೇಲೆ ದಿನಕ್ಕೆ ಎಷ್ಟು ಸಲ ಬೆರಳು ಒತ್ತುತ್ತೇವೆ? ಒತ್ತುವ ಮೊದಲು ಓದುತ್ತೇವೆಯೇ? ಬನ್ನಿ, ಯೋಚನೆ ಮಾಡೋಣ.

ನೆಟ್ ಅಂದರೆ ಏನು?

ಲೋಕದ ಕೋಟಿ ಕೋಟಿ ಕಂಪ್ಯೂಟರು, ಫೋನುಗಳು ಒಂದಕ್ಕೊಂದು ಸೇರಿಕೊಂಡಿವೆ. ಅದಕ್ಕಾಗಿ ನೆಲದ ಅಡಿಯಲ್ಲಿ ತಂತಿ ಹಾಕಿದ್ದಾರೆ. ಸಮುದ್ರದ ಅಡಿಯಲ್ಲೂ ಹಾಕಿದ್ದಾರೆ. ನಮ್ಮ ಫೋನು ಹತ್ತಿರದ ಟವರಿನ ಮೂಲಕ ಈ ಬಲೆಗೆ ಸೇರುತ್ತದೆ. ಇದೇ ಅಂತರ್ಜಾಲ. ನಾವು ನೆಟ್ ಅನ್ನುತ್ತೇವೆ.

ಇದು ಒಳ್ಳೆಯದೋ ಕೆಟ್ಟದ್ದೋ? ನಮ್ಮ ಚಿನ್ನದ ಗಣಿಗೆ 1902ರಲ್ಲೇ ಕರೆಂಟು ಬಂತು. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ತಂದರು. ಕರೆಂಟಿನಿಂದ ದೀಪ ಉರಿಯಿತು, ಯಂತ್ರ ತಿರುಗಿತು. ಬರಿ ತಂತಿ ಮುಟ್ಟಿದರೆ ಅದೇ ಕರೆಂಟು ಜೀವ ತೆಗೆಯುತ್ತದೆ. ನೆಟ್ ಕೂಡ ಹಾಗೆಯೇ. ಮುಟ್ಟುವ ರೀತಿ ಕಲಿಯಬೇಕು.

ನೆಟ್‌ನಿಂದ ಉಪಕಾರ ಆಗಿದೆ. 2001ರಲ್ಲಿ ಗಣಿ ಮುಚ್ಚಿತು. ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಕಡೆಯ ಎಷ್ಟೋ ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಿಂದೆ ರೈಲು ತಡವಾದರೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆವು. ಈಗ ಮಗಳು ಬರೆಯುತ್ತಾಳೆ: "ಅಮ್ಮಾ, ಬಂಗಾರಪೇಟೆಯಲ್ಲಿ ಗಾಡಿ ನಿಂತಿದೆ. ನೀನು ಊಟ ಮಾಡು." ಅದನ್ನು ನಾವೇ ಓದುತ್ತೇವೆ. ಇದು ಸಣ್ಣ ಮಾತಲ್ಲ.

ದುಡ್ಡಿನ ಮಾತು

2023ರಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ತಿಂಗಳಿಗೆ ಎರಡು ಸಾವಿರ ರೂಪಾಯಿ ಹೆಂಗಸರ ಖಾತೆಗೇ ಬರುವ ಯೋಜನೆ ಅದು. ದುಡ್ಡು ಇರುವ ಕಡೆ ಕಳ್ಳನೂ ಬರುತ್ತಾನೆ. ಈ ಕಳ್ಳ ಬಾಗಿಲು ಮುರಿಯುವುದಿಲ್ಲ. ಫೋನು ಮಾಡುತ್ತಾನೆ.

"ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಿದ್ದೀವಿ. ನಿಮ್ಮ ಗೃಹಲಕ್ಷ್ಮಿ ದುಡ್ಡು ನಿಂತು ಹೋಗಿದೆ."

"ಅಯ್ಯೋ, ಏನು ಮಾಡ್ಬೇಕು ಸಾರ್?"

"ಏನಿಲ್ಲಮ್ಮ. ಈಗ ನಿಮ್ಮ ಫೋನಿಗೆ ಒಂದು ನಂಬರ್ ಬಂತಲ್ಲ, ಅದನ್ನ ಹೇಳಿ. ಬೇಗ ಹೇಳಿ."

ಆ ನಂಬರಿಗೆ ಓಟಿಪಿ ಅನ್ನುತ್ತಾರೆ. ನಾಲ್ಕೋ ಆರೋ ಅಂಕಿ ಇರುತ್ತದೆ. ಜೊತೆಗಿನ ಮಾತು ಬಹಳ ಸಲ ಇಂಗ್ಲಿಷಿನಲ್ಲಿ ಇರುತ್ತದೆ. ಚಿಂತೆ ಬೇಡ. ಅಂಕಿ ನಮಗೆ ಬರುತ್ತದಲ್ಲ! ಆ ಅಂಕಿ ಬೀರುವಿನ ಬೀಗದ ಕೈ ಇದ್ದ ಹಾಗೆ. ಯಾರಿಗೂ ಹೇಳಬಾರದು. ಬ್ಯಾಂಕಿನವರು ಅದನ್ನು ಕೇಳುವುದಿಲ್ಲ. ಕೇಳಿದವನು ಕಳ್ಳ.

ಇನ್ನೊಂದು ಮಾತು. ಫೋನಿನಲ್ಲಿ ದುಡ್ಡು ಕೊಡುವಾಗ ಪಿನ್ ಒತ್ತಬೇಕು. ದುಡ್ಡು ಪಡೆಯಲು ಪಿನ್ ಬೇಡ. "ದುಡ್ಡು ಬರುತ್ತೆ, ಪಿನ್ ಒತ್ತಿ" ಅಂದರೆ ಅದು ಮೋಸ. "ನಾವು ಪೊಲೀಸು, ಫೋನಿನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ" ಅಂದರೆ ಅದೂ ಮೋಸ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಮೋಸ ಆಗಿಬಿಟ್ಟರೆ? ನಾಚಿಕೆ ಪಟ್ಟು ಸುಮ್ಮನೆ ಇರಬೇಡಿ. ಮನೆಯವರು ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನು ಮಾಡಿ. ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದರೆ ದುಡ್ಡನ್ನು ತಡೆಯಲು ಅವಕಾಶ ಇರುತ್ತದೆ.

ಸುದ್ದಿಯ ಮಾತು

ದುಡ್ಡು ಹೋದರೆ ದುಡಿಯಬಹುದು. ಜೀವ ಹೋದರೆ?

2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಸುಳ್ಳು ಸುದ್ದಿ ಹಬ್ಬಿತು. ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆ ಆಗುತ್ತದೆ ಅಂತ ಫೋನಿಂದ ಫೋನಿಗೆ ಸಂದೇಶ ಓಡಿತು. ಸಾವಿರಾರು ಜನ ಕೆಲಸ ಬಿಟ್ಟು, ಗಂಟು ಕಟ್ಟಿಕೊಂಡು, ಗುವಾಹಟಿ ರೈಲು ಹತ್ತಿದರು.

2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ಸುದ್ದಿ ವಾಟ್ಸಾಪ್‌ನಲ್ಲಿ ಹಬ್ಬಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಅವನು ಕಳ್ಳನಲ್ಲ. ರಾಜಸ್ಥಾನದಿಂದ ಕೆಲಸಕ್ಕೆ ಬಂದವನು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರ್ ಹೀಗೇ ಸತ್ತರು. ಅವರ ಜೊತೆ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಷ್ಟಕ್ಕೇ ಅನುಮಾನ. ಅವರ ಕಾರು ಮುಂದೆ ಹೋಗುವ ಮೊದಲೇ ಸುಳ್ಳು ಮುಂದಿನ ಊರು ಮುಟ್ಟಿತ್ತು.

ಆ ಸಂದೇಶ ಕಳಿಸಿದವರೆಲ್ಲ ಕೊಲೆಗಾರರೇ? ಅಲ್ಲ. "ನಮ್ಮ ಮಕ್ಕಳು ಚೆನ್ನಾಗಿರಲಿ" ಅಂತ ಕಳಿಸಿದ ತಾಯಂದಿರೂ ಇದ್ದಿರಬಹುದು. ನಾವು ಟೀಚರುಗಳೂ ಇಂಥ ಸಂದೇಶ ಕಳಿಸಿದ್ದೇವೆ. ಪೂರ್ತಿ ಓದದೆ ಕಳಿಸಿದ್ದೇವೆ. ಓದು ಬಂದವರೂ ಓದದೆ ಒತ್ತುತ್ತಾರೆ. ಇದನ್ನು ಒಪ್ಪಿಕೊಳ್ಳಬೇಕು.

ಒಂದು ಮಾತು ನೆನಪಿರಲಿ. ನಮ್ಮ ಊರಿನವರೂ ಹೊಟ್ಟೆಪಾಡಿಗೆ ಬೇರೆ ಊರಿಗೆ ಹೋಗುವವರೇ. ಅಲ್ಲಿ ನಮ್ಮ ಮಕ್ಕಳೇ ಹೊರಗಿನವರು. ನಾಳೆ ಯಾರೋ ಓದದೆ ಒತ್ತಿದ ಸುಳ್ಳು ನಮ್ಮ ಮಗನ ಮೇಲೂ ಬೀಳಬಹುದು.

ಮಾನದ ಮಾತು

ಕೆಲವು ಸಲ ಯಾರದೋ ಮನೆಯ ಹುಡುಗಿಯ ಚಿತ್ರ ಫೋನಿಗೆ ಬರುತ್ತದೆ. ಕೆಳಗೆ ಕೆಟ್ಟ ಮಾತು ಇರುತ್ತದೆ. ಈಗ ಕಂಪ್ಯೂಟರಿನಲ್ಲಿ ಒಬ್ಬರ ಮುಖವನ್ನು ಇನ್ನೊಬ್ಬರ ಮೈಗೆ ಅಂಟಿಸಬಹುದು. ಕಣ್ಣಿಗೆ ಕಂಡದ್ದೆಲ್ಲ ನಿಜವಲ್ಲ. ನಿಜವೇ ಆಗಿದ್ದರೂ ಹಂಚುವ ಹಕ್ಕು ನಮಗಿಲ್ಲ. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಚಿತ್ರ ಹಂಚುವುದು ಅಪರಾಧ. ಮುಂದಕ್ಕೆ ಕಳಿಸಿದರೆ ತಪ್ಪಿನಲ್ಲಿ ನಮಗೂ ಪಾಲು.

ಚಿತ್ರ ತೋರಿಸಿ ಯಾರಾದರೂ ಹುಡುಗಿಯನ್ನು ಹೆದರಿಸಿದರೆ ಅವಳನ್ನು ಬೈಯಬೇಡಿ. ಶಾಲೆ ಬಿಡಿಸಬೇಡಿ. ತಪ್ಪು ಹೆದರಿಸಿದವನದು. ಅವಳ ಜೊತೆ ನಿಂತು ಪೊಲೀಸರಿಗೆ ದೂರು ಕೊಡಿ. ತಾಯಿ ಬೈಯುವುದಿಲ್ಲ ಅಂತ ಗೊತ್ತಿದ್ದರೆ ಮಗಳು ಮೊದಲು ತಾಯಿಗೇ ಹೇಳುತ್ತಾಳೆ.

ಒತ್ತುವ ಮೊದಲು ಮೂರು ಪ್ರಶ್ನೆ

1. ಪೂರ್ತಿ ಓದಿದೆನಾ?
2. ಇದು ನಿಜ ಅಂತ ನನಗೆ ಹೇಗೆ ಗೊತ್ತು?
3. ಇದರಿಂದ ಯಾರಿಗಾದರೂ ನೋವಾಗುತ್ತದಾ?

ಉತ್ತರ ಸಿಗದಿದ್ದರೆ ಒತ್ತಬೇಡಿ. ಫೋನು ಕೆಳಗಿಡಿ. ಪಕ್ಕದ ಮನೆಯ ಅಕ್ಕನನ್ನು ಕೇಳಿ. ಕೇಂದ್ರಕ್ಕೆ ಬಂದು ನಮ್ಮನ್ನು ಕೇಳಿ. ಕಳ್ಳ "ಬೇಗ, ಬೇಗ" ಅನ್ನುತ್ತಾನೆ. ನಾವು "ತಾಳು, ಓದ್ತೀನಿ" ಅನ್ನೋಣ.

ಅಕ್ಷರ ಕಲಿತದ್ದು ಇದಕ್ಕೇ ಅಲ್ಲವೇ?

ಮಾತಾಡೋಣ, ಬರೆಯೋಣ

1. ಓಟಿಪಿಯನ್ನು ಯಾಕೆ ಯಾರಿಗೂ ಹೇಳಬಾರದು?
2. ದುಡ್ಡು ಪಡೆಯಲು ಪಿನ್ ಬೇಕೇ?
3. ನಿಮಗೆ ಬಂದ ಯಾವ ಸುದ್ದಿ ಆಮೇಲೆ ಸುಳ್ಳಾಯಿತು? ಗುಂಪಿನಲ್ಲಿ ಹೇಳಿ.
4. 1930. ಈ ಅಂಕಿಯನ್ನು ಐದು ಸಲ ಬರೆಯಿರಿ. ಅಡುಗೆಮನೆಯ ಗೋಡೆಯ ಮೇಲೂ ಒಂದು ಸಲ ಬರೆಯಿರಿ.